ಔಷಧ ಚೀಟಿಗೆ ಎಷ್ಟು ಭಾಷೆ?

ಸೆಪ್ಟೆಂಬರ್ 17 ಬೀದರ್ ಜಿಲ್ಲೆಗೆ ವಿಮೋಚನೆಯ ದಿನ. 1948ರಲ್ಲಿ ಅಂದು ಹೈದರಾಬಾದ್ ನಿಜಾಮರು ಭಾರತಕ್ಕೆ ಮಣಿದರು. 2019ರಿಂದ ಇದೇ ದಿನವನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಿ ಸುರಕ್ಷತಾ ದಿನವಾಗಿ ಆಚರಿಸುತ್ತಿದೆ. 2022ರ ಆಚರಣೆಗೆ ಅದು ಆಯ್ದುಕೊಂಡ ವಿಷಯ ಔಷಧ ಸುರಕ್ಷತೆ. ದಿನಾಂಕಗಳು ಕೂಡಿಬಂದದ್ದು ಆಕಸ್ಮಿಕವಷ್ಟೆ. ಆದರೆ ಔಷಧ ಸೇವನೆಯಲ್ಲಿ ಆಗುವ ತಪ್ಪಿಗೂ ಈ ಗಡಿ ಜಿಲ್ಲೆಯ ಚರಿತ್ರೆಗೂ ನಡುವೆ ಒಂದು ಕೊಂಡಿಯುಂಟು. ಅದು ಭಾಷೆ.

ಬೀದರ್ ನಗರಕ್ಕೆ ಆಸ್ಪತ್ರೆ ಹೊಸತಲ್ಲ. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಎರಡನೇ ಅಲ್ಲಾವುದ್ದೀನ್ ಅಹ್ಮದ್ ಇಲ್ಲಿ ದಾರುಲ್ ಶಿಫಾ, ಅಂದರೆ ಆರೋಗ್ಯಧಾಮ ಕಟ್ಟಿಸಿದ. ರೋಗಿಗಳ ಔಷಧ ಮತ್ತು ಆಹಾರದ ವೆಚ್ಚಕ್ಕೆ ಹಳ್ಳಿಗಳ ಆದಾಯ ಬಿಟ್ಟುಕೊಟ್ಟ. ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅಂದರೆ ಸುಮಾರು ಆರು ಶತಮಾನಗಳ ಹಿಂದೆಯೇ ಇಲ್ಲಿ ಎರಡು ವೈದ್ಯ ಪರಂಪರೆಗಳು ಒಂದೇ ಸೂರಿನಡಿ ಕೆಲಸ ಮಾಡಿದ್ದವು.

ನಿಜಾಮರ ಕಾಲದಲ್ಲಿ ಉರ್ದು ಆಡಳಿತ ಭಾಷೆಯಾಯಿತು. ‘ದವಾಖಾನೆ’ ಎಂಬ ಪದ ಜನರ ಬಾಯಲ್ಲಿ ಇಂದಿಗೂ ಉಳಿದಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ್, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. ಗಡಿ ಬದಲಾಯಿತು, ಜನರ ಓಡಾಟ ನಿಲ್ಲಲಿಲ್ಲ. ಭಾಲ್ಕಿ ಮತ್ತು ಉದಗೀರ್ ಇಂದಿಗೂ ಒಂದೇ ರೈಲು ಹಾದಿಯಲ್ಲಿವೆ. ಔರಾದ್ ತಾಲ್ಲೂಕಿನ ಅಂಚಿನಲ್ಲಿ ಮಹಾರಾಷ್ಟ್ರವೂ ಇದೆ, ತೆಲಂಗಾಣವೂ ಇದೆ.

ಹೀಗಾಗಿ ಇಲ್ಲಿನ ರೋಗಿ ಕಾಯಿಲೆಯನ್ನು ಕನ್ನಡದಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ ಹೇಳಿಕೊಳ್ಳುತ್ತಾನೆ. ಚೀಟಿ ಬರುವುದು ಮಾತ್ರ ಇಂಗ್ಲಿಷಿನಲ್ಲಿ, ಲ್ಯಾಟಿನ್ ಮೂಲದ ಸಂಕ್ಷೇಪಗಳಲ್ಲಿ. ‘ಓ.ಡಿ.’ ಎಂದರೆ ದಿನಕ್ಕೊಮ್ಮೆ. ಕಣ್ಣಿನ ವೈದ್ಯರ ಚೀಟಿಯಲ್ಲಿ ಅದೇ ಬಲಗಣ್ಣು. ‘1-0-0’ ಎಂದರೆ ಬೆಳಿಗ್ಗೆ ಮಾತ್ರ. ಬಲದಿಂದ ಎಡಕ್ಕೆ ಉರ್ದು ಓದಿ ರೂಢಿಯಾದವರು ಅದನ್ನು ರಾತ್ರಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಈ ತೊಡಕು ಬೀದರಿಗೆ ಮಾತ್ರ ಸೀಮಿತವಲ್ಲ. ಇಂಗ್ಲಿಷಿನಲ್ಲಿ ‘ಒಮ್ಮೆ’ ಎಂದು ಸೂಚಿಸುವ ಪದದ ಅಕ್ಷರಗಳೇ ಸ್ಪ್ಯಾನಿಷ್‌ನಲ್ಲಿ ‘ಹನ್ನೊಂದು’ ಎಂಬ ಅರ್ಥ ಕೊಡುತ್ತವೆ.

ಅಕ್ಷರದ ತಪ್ಪು ಪ್ರಾಣಕ್ಕೂ ಎರವಾಗಬಹುದು. ಯೂನಿಟ್ ಎಂಬುದಕ್ಕೆ ಬರೆದ ‘ಯು’ ಇಂಗ್ಲಿಷ್ ಅಕ್ಷರ ಸೊನ್ನೆಯಂತೆ ಕಂಡರೆ 4 ಯೂನಿಟ್ ಇನ್ಸುಲಿನ್ 40 ಆಗುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ದಿನಾಲೂ ನುಂಗಿ ಸತ್ತವರ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಂದಿತು. ಆದರೆ ದೊಡ್ಡ ಅಕ್ಷರವೂ ಇಂಗ್ಲಿಷೇ. ಯಾವ ಗುಳಿಗೆ, ಎಷ್ಟು, ಯಾವಾಗ, ಎಷ್ಟು ದಿನ ಎಂಬುದನ್ನು ರೋಗಿಯ ನುಡಿಯಲ್ಲಿ ಹೇಳಿ, ಅವನಿಂದಲೇ ಮತ್ತೆ ಹೇಳಿಸುವುದು ಸುಲಭದ ಮದ್ದು. ಪೊಟ್ಟಣದ ಮೇಲೆ ಸೂರ್ಯ, ಚಂದ್ರರ ಚಿತ್ರ ಬರೆದರೆ ಓದು ಬಾರದವರಿಗೂ ತಿಳಿಯುತ್ತದೆ. ಊರು ಬದಲಿಸಿ ದವಾಖಾನೆಗೆ ಹೋಗುವವರು ಹಳೆಯ ಚೀಟಿ, ಉಳಿದ ಗುಳಿಗೆಗಳನ್ನು ಜೊತೆಗೊಯ್ದರೆ ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆ ಸೇರುವುದು ತಪ್ಪುತ್ತದೆ.

ಔಷಧ ಒದಗಿಸುವ ಹೊಣೆಯನ್ನು ಅಂದಿನ ದಾರುಲ್ ಶಿಫಾ ಹೊತ್ತಿತ್ತು. ಅದನ್ನು ಅರ್ಥಮಾಡಿಸುವ ಹೊಣೆ ಇಂದಿನ ದವಾಖಾನೆ ಮತ್ತು ಔಷಧದಂಗಡಿಗಳ ಮೇಲಿದೆ.