ಕಡ್ಡಿ ಮತ್ತೆ ಮರವಾಗುತ್ತಿದೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿಪ್ಪುನೇರಳೆ ಎಂಬ ಹೆಸರು ಪುಸ್ತಕದಲ್ಲಷ್ಟೇ ಇರುತ್ತದೆ. ರೈತರ ಬಾಯಲ್ಲಿ ಅದು ಬರೀ 'ಕಡ್ಡಿ'. ನಾಟಿ ಮಾಡುವುದು ಕಡ್ಡಿಯಿಂದ, ಹುಳುವಿಗೆ ಕೊಯ್ದು ತರುವುದೂ ಕಡ್ಡಿಯನ್ನೇ. ಹೆಸರು ಸರಿಯಾಗಿಯೇ ಇದೆ. ಆದರೆ ಕತ್ತಿ ತಾಗಿಸದೆ ಬಿಟ್ಟರೆ ಇದು ಮನೆಗಿಂತ ಎತ್ತರ ಬೆಳೆಯುವ ಮರ. ಅದನ್ನು ಕಡ್ಡಿಯಾಗಿ ಇಟ್ಟುಕೊಂಡದ್ದು ನಾವು.

ಮೈಸೂರು ಸೀಮೆಗೆ ರೇಷ್ಮೆ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋದವರು ವಾಪಸಾಗುತ್ತಿದ್ದಾರೆ, ಹುಳು ಇಡಲು ಜಾಗ ನೋಡಿ, ಮೇವಿಗೆ ಸೊಪ್ಪು ಒದಗಿಸಿ ಎಂದು 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಆತ ಬರೆದ ಪತ್ರ ಉಳಿದಿದೆ. ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಅನುವಾದಿಸಿ 1811ರಲ್ಲಿ ಅಚ್ಚು ಹಾಕಿಸಿದ ಪತ್ರಗಳಲ್ಲಿ ಅದೂ ಒಂದು. ಹುಳುವಿಗಿಂತ ಮೊದಲು ಸೊಪ್ಪು ಬೇಕು ಎಂಬುದು ಆತನಿಗೆ ಗೊತ್ತಿತ್ತು.

ಇಟಲಿ, ಫ್ರಾನ್ಸ್‌ಗಳಲ್ಲಿ ಹಿಪ್ಪುನೇರಳೆ ಮರವಾಗಿಯೇ ಉಳಿಯಿತು. ಅಲ್ಲಿ ಚಳಿಗಾಲ ಕಳೆದು ಎಲೆ ಚಿಗುರಿದಾಗ ಮುಖ್ಯವಾಗಿ ವಸಂತದ ಒಂದೇ ಬೆಳೆ. ವರ್ಷಕ್ಕೊಮ್ಮೆ ಏಣಿ ಹತ್ತಿದರೆ ಸಾಕು. ನಮ್ಮಲ್ಲಿ ಹಾಗಲ್ಲ. ಮೈಸೂರು ತಳಿಯ ಹುಳು ವರ್ಷದಲ್ಲಿ ಹಲವು ಸಲ ಮೊಟ್ಟೆಯೊಡೆದು ಬರುತ್ತದೆ, ಐದಾರು ಬೆಳೆ ತೆಗೆಯಬಹುದು. ಪ್ರತಿ ಬೆಳೆಗೂ ಎಳೆ ಸೊಪ್ಪು ಬೇಕು, ಅದೂ ನಿಂತಲ್ಲೇ ಕೈಗೆ ಸಿಗಬೇಕು. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಬುಡ ಕಡಿದರು. ಗಿಡದ ತುದಿಯ ಮೊಗ್ಗು ಇರುವವರೆಗೆ ಅದು ಕೆಳಗಿನ ಮೊಗ್ಗುಗಳನ್ನು ಏಳಲು ಬಿಡುವುದಿಲ್ಲ. ತುದಿ ಹೋದರೆ ಮಲಗಿದ್ದ ಮೊಗ್ಗುಗಳೆಲ್ಲ ಒಟ್ಟಿಗೆ ಎದ್ದು, ಒಂದು ಕಾಂಡ ಇದ್ದಲ್ಲಿ ಹತ್ತು ಬರುತ್ತವೆ. ಬೇರು ಹಳೆಯದು, ಮೇಲಿನದ್ದೆಲ್ಲ ಹೊಸದು. ಮಳೆಯಾಶ್ರಯದ ಕಡೆ ಮೂರು ಅಡಿಗೊಂದು ಗುಂಡಿ ತೋಡಿ ನೆಟ್ಟು, ವರ್ಷಕ್ಕೊಮ್ಮೆ ಬುಡ ಸವರಿ, ಉಳಿದಂತೆ ಎಲೆ ಬಿಡಿಸಿಕೊಳ್ಳುವ ಕ್ರಮ ನಡೆಯಿತು. ನೀರಾವರಿ ಇದ್ದ ಕಡೆ ಇನ್ನೂ ಒತ್ತಾಗಿ ಸಾಲು ನೆಟ್ಟು, ಪ್ರತಿ ಬೆಳೆಗೂ ನೆಲಮಟ್ಟಕ್ಕೆ ಕೊಯ್ಯುವ ಪದ್ಧತಿ ಬಂತು. ರೇಷ್ಮೆ ಪಠ್ಯಗಳಲ್ಲಿ ಅದರ ಹೆಸರೇ 'ಕೋಲಾರ ಪದ್ಧತಿ'.

ಚನ್ನಪಟ್ಟಣದ ಬಳಿಯ ಕಣ್ವ ಫಾರಂನಲ್ಲಿ ಆರಿಸಿದ ಎಂ-5, 1997ರಲ್ಲಿ ಮೈಸೂರಿನ ಸಂಶೋಧನಾ ಸಂಸ್ಥೆ ಕೊಟ್ಟ ವಿ-1, ಹೀಗೆ ತಳಿಗಳು ಬದಲಾದವು, ಇಳುವರಿ ಏರಿತು. ಬುಡ ಕಡಿಯುವುದು ಮಾತ್ರ ಹಾಗೇ ಉಳಿಯಿತು. ಇಷ್ಟು ಸಲ ಕಡಿಸಿಕೊಂಡು ಇಷ್ಟು ಸಲ ಚಿಗುರುವ ಗಿಡಕ್ಕೆ ಗೊಬ್ಬರವೂ ನೀರೂ ಸುರಿಯಬೇಕು. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಒಣಗಿದ ಮೇಲೆ ಬಾವಿ, ಬಾವಿ ಬತ್ತಿದ ಮೇಲೆ ಕೊಳವೆಬಾವಿ, ಅದೂ ಸಾವಿರ ಅಡಿ ದಾಟಿತು. ಕಡ್ಡಿ ಒಂದರಿಂದಲೇ ನೀರು ಹೋಯಿತು ಎಂದರೆ ಅನ್ಯಾಯ, ಟೊಮೆಟೊ, ನೀಲಗಿರಿಗೂ ಪಾಲಿದೆ. ಆದರೂ ತನ್ನ ಹೆಸರಿನ ಪದ್ಧತಿಯನ್ನು ನಡೆಸುವಷ್ಟು ನೀರು ಈ ಜಿಲ್ಲೆಯಲ್ಲಿ ಉಳಿಯಲಿಲ್ಲ.

ಈಗ ಅದೇ ಊರುಗಳಲ್ಲಿ 'ಮರಗಡ್ಡಿ'ಯ ಮಾತು. ಎಂಟು ಹತ್ತು ಅಡಿಗೊಂದು ಸಸಿ ನೆಟ್ಟು, ಪಕ್ಕದ ಚಿಗುರು ತೆಗೆಯುತ್ತಾ ಒಂದೇ ಕಾಂಡವನ್ನು ನಾಲ್ಕೈದು ಅಡಿ ಬೆಳೆಸುತ್ತಾರೆ. ಆಮೇಲೆ ತಲೆ ಕತ್ತರಿಸುತ್ತಾರೆ. ಬಂದ ಚಿಗುರಲ್ಲಿ ಮೂರು ನಾಲ್ಕು ಉಳಿಸಿ, ಅವು ಬಲಿತ ಮೇಲೆ ಗೇಣುದ್ದ ಬಿಟ್ಟು ಮತ್ತೆ ಕತ್ತರಿಸುತ್ತಾರೆ. ಮುಂದೆ ಪ್ರತಿ ಬೆಳೆಗೂ ಆ ಮೋಟುಗಳವರೆಗೆ ಕೊಯ್ಲು. ಮೂರಡಿ ಅಂತರದಲ್ಲಿ ಎಕರೆಗೆ 4,840 ಗಿಡ ಹಿಡಿಯುತ್ತಿದ್ದ ಜಾಗದಲ್ಲಿ, ಹತ್ತಡಿ ಅಂತರಕ್ಕೆ ಸುಮಾರು 435 ಮರ. ಬೇರು ಆಳಕ್ಕೆ ಇಳಿಯುತ್ತದೆ, ಹನಿ ನೀರಾವರಿಯ ಅಲ್ಪ ನೀರಲ್ಲೂ ತಡೆಯುತ್ತದೆ. ನಡುವೆ ಹುರುಳಿಯೋ ಅಲಸಂದೆಯೋ ಹಾಕಬಹುದು.

ಇದರಲ್ಲಿ ತೊಡಕಿಲ್ಲ ಎಂದಲ್ಲ. ಮರದ ತಲೆ ರೂಪುಗೊಳ್ಳುವವರೆಗೆ, ಒಂದು ವರ್ಷವೋ ಇನ್ನೂ ಹೆಚ್ಚೋ, ಪೂರ್ತಿ ಸೊಪ್ಪು ಸಿಗದು. ಸ್ವಂತ ಜಮೀನಿದ್ದವರು ಆ ವರ್ಷವನ್ನು ಹೇಗೋ ತಳ್ಳುತ್ತಾರೆ. ಗುತ್ತಿಗೆಗೆ ಜಮೀನು ಹಿಡಿದು ಹುಳು ಸಾಕುವವರಿಗೆ ಅಷ್ಟು ಸಮಯ ಇರುವುದಿಲ್ಲ. ಗುತ್ತಿಗೆ ಮುಗಿಯುವುದರೊಳಗೆ ಮರ ಸಿದ್ಧವಾದರೆ, ಅದರ ಸೊಪ್ಪು ಕೊಯ್ಯುವವರು ಬೇರೆಯವರು. ಅದಕ್ಕೇ ಅವರು ಇವತ್ತಿಗೂ ಬುಡ ಕಡಿಯುತ್ತಲೇ ಇದ್ದಾರೆ.