ಔತಣದ ಕರೆಯೂ ಹೊಲದ ಕಳೆಯೂ

ಧರ್ಮಗ್ರಂಥವನ್ನು ಓದುವುದು ಒಂದು ಕೆಲಸ. ಅದರಿಂದ ಕರ್ತವ್ಯವನ್ನು ತೆಗೆಯುವುದು ಇನ್ನೊಂದು ಕೆಲಸ. ಮೊದಲನೆಯದರಲ್ಲಿ ತಪ್ಪಿದರೆ ನಷ್ಟ ಓದಿದವನಿಗೆ ಮಾತ್ರ. ಎರಡನೆಯದರಲ್ಲಿ ತಪ್ಪಿದರೆ ಅದರ ಬೆಲೆಯನ್ನು ತೆರಬೇಕಾದವರು ಬೇರೆಯವರು. ಈ ಮಾತಿಗೆ ಕ್ರೈಸ್ತಧರ್ಮದ ಇತಿಹಾಸದಲ್ಲಿ ಒಂದು ದೀರ್ಘವಾದ ನಿದರ್ಶನವಿದೆ. ಸುವಾರ್ತೆಗಳಲ್ಲಿ ಬರುವ ಎರಡು ಪುಟ್ಟ ದೃಷ್ಟಾಂತಕಥೆಗಳು, ಹದಿನೈದು ಶತಮಾನಗಳಿಗೂ ಮಿಕ್ಕಿ, ಒಂದು ಘೋರ ಪ್ರಶ್ನೆಗೆ ಎರಡು ಬೇರೆ ಬೇರೆ ಉತ್ತರಗಳಾಗಿ ನಿಂತವು. ನಂಬಿಕೆಯ ವಿಷಯದಲ್ಲಿ ಮನುಷ್ಯನನ್ನು ಬಲವಂತಪಡಿಸಬಹುದೆ ಎಂಬುದೇ ಆ ಪ್ರಶ್ನೆ.

ಮೊದಲನೆಯ ಕಥೆ ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿದೆ. ಒಬ್ಬ ಗೃಹಸ್ಥ ದೊಡ್ಡ ಔತಣವನ್ನು ಏರ್ಪಡಿಸುತ್ತಾನೆ. ಕರೆಸಿಕೊಂಡವರು ಒಬ್ಬೊಬ್ಬರೂ ಒಂದೊಂದು ನೆವ ಹೇಳುತ್ತಾರೆ. ಒಬ್ಬನಿಗೆ ಹೊಸದಾಗಿ ಕೊಂಡ ಹೊಲ, ಇನ್ನೊಬ್ಬನಿಗೆ ಎತ್ತುಗಳು, ಮತ್ತೊಬ್ಬನಿಗೆ ಹೊಸ ಮದುವೆ. ಮನನೊಂದ ಯಜಮಾನ ಊರಿನ ಬಡವರನ್ನೂ ಅಂಗವಿಕಲರನ್ನೂ ಕರೆತರಿಸುತ್ತಾನೆ. ಆದರೂ ಮನೆಯಲ್ಲಿ ಸ್ಥಳ ಉಳಿಯುತ್ತದೆ. ಆಗ ಆತ ಸೇವಕನನ್ನು ಹಾದಿಬೀದಿಗಳಿಗೂ ಬೇಲಿಗಳ ಬದಿಗೂ ಅಟ್ಟಿ, ಕಂಡವರನ್ನು ಬಲವಂತಮಾಡಿ ಕರೆತರುವಂತೆ ಹೇಳುತ್ತಾನೆ. ಈ 'ಬಲವಂತ'ವೇ ಲ್ಯಾಟಿನ್ನಿನಲ್ಲಿ 'ಕಂಪೆಲ್ಲೆ ಇಂತ್ರಾರೆ' ಎಂಬ ಎರಡು ಪದಗಳಾಗಿ ಯೂರೋಪಿನ ಇತಿಹಾಸದೊಳಕ್ಕೆ ನಡೆದುಬಂತು.

ಎರಡನೆಯ ಕಥೆ ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿದೆ. ಒಬ್ಬ ತನ್ನ ಹೊಲದಲ್ಲಿ ಒಳ್ಳೆಯ ಗೋಧಿಯನ್ನು ಬಿತ್ತಿದ್ದಾನೆ. ರಾತ್ರಿ ವೈರಿ ಬಂದು ನಡುವೆ ಕಳೆಯನ್ನು ಬಿತ್ತಿ ಹೋಗುತ್ತಾನೆ. ಈ ಕಳೆ ಎಳೆಯದಾಗಿರುವಾಗ ಗೋಧಿಯನ್ನೇ ಹೋಲುತ್ತದೆ. ತೆನೆಗಟ್ಟಿದ ಮೇಲಷ್ಟೇ ಅದರ ನಿಜರೂಪ ತಿಳಿಯುತ್ತದೆ. ಕಿತ್ತುಹಾಕೋಣವೆ ಎಂದು ಆಳುಗಳು ಕೇಳುತ್ತಾರೆ. ಕಳೆಯ ಜೊತೆಗೆ ಗೋಧಿಯೂ ಕಿತ್ತುಬಂದೀತೆಂದು ಯಜಮಾನ ತಡೆಯುತ್ತಾನೆ. ಕೊಯ್ಲಿನವರೆಗೆ ಎರಡೂ ಬೆಳೆಯಲಿ ಎನ್ನುತ್ತಾನೆ. ಭತ್ತದ ಗದ್ದೆಯಲ್ಲಿ ಪೈರನ್ನೇ ಹೋಲುವ ಕಳೆಯೊಡನೆ ಹೆಣಗಿದ ನಮ್ಮ ರೈತರಿಗೆ ಈ ಯಜಮಾನನ ಎಚ್ಚರ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಥೆ ಬಲವಂತಮಾಡು ಎನ್ನುತ್ತದೆ. ಇನ್ನೊಂದು ಕೈ ಇಡಬೇಡ ಎನ್ನುತ್ತದೆ. ಎರಡನ್ನೂ ಹೇಳಿದವನು ಒಬ್ಬನೇ ಎಂದು ನಂಬುವವನು ಇವುಗಳ ನಡುವೆ ದಾರಿ ಕಾಣುವುದು ಹೇಗೆ?

ನಮ್ಮ ಮನೆಗಳಲ್ಲಿ ಅತಿಥಿಗೆ ಬಲವಂತಮಾಡಿ ಬಡಿಸುವುದು ಉಪಚಾರದ ಒಂದು ಅಂಗ. ಅಲ್ಲಿ ಬಲವಂತವೆಂದರೆ ಅಕ್ಕರೆ. ಅದೇ ನಮ್ಮ ಭಾಷೆ 'ಬಲವಂತದ ಮಾಘಸ್ನಾನ' ಎಂದು ಇನ್ನೊಂದು ಬಗೆಯ ಬಲವಂತವನ್ನು ಗೇಲಿಮಾಡಿದೆ. ಸುವಾರ್ತೆಯ ಗ್ರೀಕ್ ಪದಕ್ಕೂ ಇಂಥ ಹರಹು ಉಂಟು. ಯೇಸು ಶಿಷ್ಯರನ್ನು ಒತ್ತಾಯಪಡಿಸಿ ದೋಣಿ ಹತ್ತಿಸಿದ ಪ್ರಸಂಗದಲ್ಲಿ ಬರುವುದೂ ಅದೇ ಕ್ರಿಯಾಪದ. ಅಲ್ಲಿ ಸೆರೆಮನೆಯನ್ನಾಗಲಿ ಚಾವಟಿಯನ್ನಾಗಲಿ ಯಾರೂ ಊಹಿಸಿಲ್ಲ. ಊಟಕ್ಕೆ ಕರೆಯುವ ಸೇವಕನ ಬಾಯಲ್ಲಿ ಆ ಪದಕ್ಕೆ ಯಾವ ಅರ್ಥ ಸಹಜ ಎಂಬುದು ಕಷ್ಟದ ಪ್ರಶ್ನೆಯೇನಲ್ಲ. ಆದರೆ ಪದದ ಅರ್ಥವನ್ನು ನಿರ್ಣಯಿಸುವುದು ನಿಘಂಟು ಒಂದೇ ಅಲ್ಲ. ಓದುವವನ ಕೈಯಲ್ಲಿ ಏನಿದೆ ಎಂಬುದೂ ನಿರ್ಣಯಿಸುತ್ತದೆ. ಇದಕ್ಕೆ ಸಾಕ್ಷಿ ಬೇಕಾದರೆ ನಾವು ಐದನೆಯ ಶತಮಾನದ ಉತ್ತರ ಆಫ್ರಿಕಕ್ಕೆ ಹೋಗಬೇಕು.

ಚಕ್ರವರ್ತಿ ಡಯೊಕ್ಲೀಷಿಯನ್ 303ರಲ್ಲಿ ಕ್ರೈಸ್ತರನ್ನು ಹಿಂಸಿಸಲು ತೊಡಗಿದಾಗ, ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿ ಪ್ರಾಣ ಉಳಿಸಿಕೊಂಡ ಪಾದ್ರಿಗಳಿದ್ದರು. ಇಂಥವರ ಕೈಯಿಂದ ಪಡೆದ ದೀಕ್ಷೆ ಸಿಂಧುವೆ ಎಂಬ ವಿವಾದದಿಂದ ಆಫ್ರಿಕದ ಧರ್ಮಸಭೆ ಇಬ್ಭಾಗವಾಯಿತು. ಶುದ್ಧಿಯನ್ನು ಹಿಡಿದು ನಿಂತವರಿಗೆ ಅವರ ನಾಯಕ ಡೊನಾಟಸ್‌ನಿಂದಾಗಿ ಡೊನಾಟಿಸ್ಟರೆಂಬ ಹೆಸರು ಬಂತು. ಹಿಪ್ಪೊ ಪಟ್ಟಣದ, ಎಂದರೆ ಇಂದಿನ ಅಲ್ಜೀರಿಯದ ಅನ್ನಾಬಾದ, ಬಿಷಪ್ ಆಗಿದ್ದ ಸಂತ ಆಗಸ್ಟೀನ್ ಅವರೊಡನೆ ದೀರ್ಘಕಾಲ ವಾದಮಾಡಿದ. ಆಗ ಅವನ ಕೈಯಲ್ಲಿದ್ದ ಕಥೆ ಹೊಲದ ಕಳೆಯದು. ಧರ್ಮಸಭೆಯಲ್ಲಿ ಗೋಧಿಯೂ ಕಳೆಯೂ ಬೆರೆತೇ ಇರುತ್ತವೆ, ಬೇರ್ಪಡಿಸುವ ಕೆಲಸ ಕಡೆಯ ಕೊಯ್ಲಿನದು ಎಂದು ಅವನು ಶುದ್ಧಿವಾದಿಗಳಿಗೆ ಉತ್ತರ ಕೊಟ್ಟ.

ಆಮೇಲೆ ಸಾಮ್ರಾಜ್ಯದ ಶಾಸನ ಬಂತು. 405ರಲ್ಲಿ ಚಕ್ರವರ್ತಿ ಹೊನೋರಿಯಸ್ ಡೊನಾಟಿಸ್ಟರ ವಿರುದ್ಧ ಏಕತೆಯ ಆಜ್ಞೆ ಹೊರಡಿಸಿದ; 411ರಲ್ಲಿ ಕಾರ್ಥೇಜಿನಲ್ಲಿ ಉಭಯ ಪಕ್ಷಗಳ ಸಮಾವೇಶ ನಡೆದು ತೀರ್ಪು ಅವರಿಗೆ ಪ್ರತಿಕೂಲವಾಯಿತು; ಮರುವರ್ಷ ದಂಡ, ಗಡೀಪಾರು, ಆಸ್ತಿಯ ಮುಟ್ಟುಗೋಲು ಇವೆಲ್ಲ ಕಾನೂನಾದವು. ಆಗಸ್ಟೀನನ ಮನಸ್ಸು ಅಷ್ಟರಲ್ಲೇ ಬದಲಾಗಿತ್ತು. 408ರ ಸುಮಾರಿಗೆ ವಿನ್ಸೆಂಟಿಯಸ್ ಎಂಬವನಿಗೆ ಬರೆದ ಪತ್ರದಲ್ಲಿ ಅವನು ಇದನ್ನು ತಾನೇ ಒಪ್ಪಿಕೊಂಡಿದ್ದಾನೆ. ಯಾರನ್ನೂ ಬಲಾತ್ಕಾರದಿಂದ ಸೇರಿಸಬಾರದು, ವಾದದಿಂದಲೇ ಗೆಲ್ಲಬೇಕು ಎಂಬುದು ಅವನ ಹಳೆಯ ಮತ. ಅದನ್ನು ಅಲುಗಿಸಿದ್ದು ವಾದವಲ್ಲ, ಫಲ. ಅವನ ಹುಟ್ಟೂರು ತಗಾಸ್ತೆಯೇ ಒಮ್ಮೆ ಡೊನಾಟಿಸ್ಟರ ಪಕ್ಷದಲ್ಲಿದ್ದು ಕಾನೂನಿನ ಭಯದಿಂದ ಮರಳಿತ್ತು. ಮರಳಿದವರು ಈಗ ಸಂತೋಷದಿಂದಿದ್ದರು. 417ರ ಸುಮಾರಿಗೆ ಬೊನಿಫೇಸ್ ಎಂಬ ಸೇನಾಧಿಕಾರಿಗೆ ಬರೆದ ಪತ್ರದಲ್ಲಿ ಔತಣದ ಕಥೆ ಕಾಣಿಸಿಕೊಳ್ಳುತ್ತದೆ. ಮೊದಲು ಬಂದವರನ್ನು ಮೃದುವಾಗಿ ಕರೆದದ್ದಾಯಿತು, ಕಡೆಗೆ ಬಂದವರನ್ನು ಬಲವಂತಮಾಡಿದ್ದಾಯಿತು. ಹಾದಿಬೀದಿ ಬೇಲಿಗಳೆಂದರೆ ಪಾಷಂಡಮತಗಳೂ ಒಡಕುಪಕ್ಷಗಳೂ ಎಂದು ಅವನು ಅರ್ಥವಿಸಿದ. ಸೇವಕನ ಕೈಯಲ್ಲಿದ್ದ ಔತಣದ ಕರೆ ದಂಡಾಧಿಕಾರಿಯ ಆಜ್ಞಾಪತ್ರವಾಯಿತು.

ಇಲ್ಲಿ ನಾವು ಆಗಸ್ಟೀನನಿಗೆ ಅನ್ಯಾಯ ಮಾಡಬಾರದು. ಅವನು ಕ್ರೂರಿಯಲ್ಲ. ಡೊನಾಟಿಸ್ಟರ ಕಡೆಯ ಪುಂಡರ ಗುಂಪುಗಳು ಅವನ ಪಾದ್ರಿಗಳನ್ನು ಹೊಡೆದು ಬಡಿದು ಹಿಂಸಿಸಿದ್ದು ನಿಜ. ಅಂಥ ಅಪರಾಧಿಗಳಿಗೂ ಮರಣದಂಡನೆ ಬೇಡವೆಂದು ಅಧಿಕಾರಿಗಳಿಗೆ ಪತ್ರ ಬರೆದು ಬೇಡಿಕೊಂಡವನು ಅವನು. ಜ್ವರದಲ್ಲಿ ಕನವರಿಸುವ ರೋಗಿಯನ್ನು ಕಟ್ಟಿಹಾಕುವ ವೈದ್ಯ, ಮಗನನ್ನು ತಿದ್ದುವ ತಂದೆ, ಇವೇ ಅವನ ಉಪಮೆಗಳು. ಸಮಸ್ಯೆ ಇರುವುದೇ ಇಲ್ಲಿ. ದ್ವೇಷದಿಂದ ಹೊಡೆಯುವವನು ದಣಿದಾಗ ನಿಲ್ಲಿಸುತ್ತಾನೆ. ಹೊಡೆತ ನಿನ್ನ ಹಿತಕ್ಕಾಗಿ ಎಂದು ನಂಬಿದವನಿಗೆ ನಿಲ್ಲಿಸಲು ಕಾರಣವೇ ಇರುವುದಿಲ್ಲ. ಆಗಸ್ಟೀನ್ ತನ್ನ ಅರ್ಥಕ್ಕೆ ಹಾಕಿದ್ದ ದಯೆಯ ಬೇಲಿ ಅವನೊಡನೆ ಹೋಯಿತು. ಅರ್ಥ ಮಾತ್ರ ಉಳಿಯಿತು.

ಹದಿಮೂರನೆಯ ಶತಮಾನದಲ್ಲಿ ತಾಮಸ್ ಅಕ್ವಿನಾಸ್ ಅದನ್ನು ಶಾಸ್ತ್ರಬದ್ಧಗೊಳಿಸಿದ. ಕ್ರೈಸ್ತಮತವನ್ನು ಎಂದೂ ಸ್ವೀಕರಿಸದವರನ್ನು ನಂಬಲು ಬಲವಂತಪಡಿಸಕೂಡದು, ನಂಬಿಕೆ ಇಚ್ಛೆಯ ಕಾರ್ಯ ಎಂದು ಅವನು ಸ್ಪಷ್ಟವಾಗಿ ಹೇಳಿದ. ಆದರೆ ಒಮ್ಮೆ ಸ್ವೀಕರಿಸಿ ಬಿಟ್ಟವರು ಮಾತಿಗೆ ತಪ್ಪಿದವರು. ಅವರನ್ನು ಬಲವಂತಪಡಿಸಬಹುದು, ಹಟ ಬಿಡದ ಪಾಷಂಡಿಗೆ ಮರಣದಂಡನೆಯೂ ಸಲ್ಲುತ್ತದೆ ಎಂದ. ಹಾಗಾದರೆ ಹೊಲದ ಕಳೆ? ಗೋಧಿಗೆ ಅಪಾಯವಿಲ್ಲದ ಕಡೆ ಆ ನಿಷೇಧ ಅನ್ವಯಿಸದು ಎಂಬುದು ಅವನ ಉತ್ತರ. ಈ ವಿಭಜನೆಯ ಪರಿಣಾಮ ನಮ್ಮ ಕರಾವಳಿಯವರೆಗೂ ಬಂತು. ಗೋವೆಯಲ್ಲಿ 1560ರಲ್ಲಿ ಸ್ಥಾಪಿತವಾಗಿ 1812ರಲ್ಲಿ ಕಡೆಗೂ ರದ್ದಾದ ಧರ್ಮವಿಚಾರಣಾಸಭೆಯ ದೃಷ್ಟಿ ಮುಖ್ಯವಾಗಿ ಬಿದ್ದದ್ದು ದೀಕ್ಷೆ ಪಡೆದೂ ಹಳೆಯ ಆಚಾರಗಳನ್ನು ಬಿಡದವರ ಮೇಲೆ. ಅಲ್ಲಿಂದ ಕೆನರಾ ಕರಾವಳಿಗೆ ಕೊಂಕಣಿ ಮನೆತನಗಳು ವಲಸೆ ಬಂದದ್ದಕ್ಕೆ ಯುದ್ಧ, ಬರ, ತೆರಿಗೆ ಮೊದಲಾದ ಕಾರಣಗಳೂ ಇದ್ದವು. ಆದರೆ ಆ ಸಭೆಯ ಭಯವೂ ಕಾರಣಗಳಲ್ಲಿ ಒಂದಾಗಿತ್ತು.

ರೋಮಿನಿಂದ ಬೇರೆಯಾದ ಪ್ರಾಟೆಸ್ಟಂಟರು ಈ ಅರ್ಥವನ್ನು ಹಿಂದೆಯೇ ಬಿಟ್ಟುಬಂದರೆ? ಇಲ್ಲ. 1553ರ ಅಕ್ಟೋಬರ್ 27ರಂದು, ಕಾಲ್ವಿನ್ನನ ಜಿನೀವದಲ್ಲಿ, ತ್ರಿಯೇಕತ್ವವನ್ನು ಒಪ್ಪದ ಮೈಕೇಲ್ ಸರ್ವೆಟಸ್‌ನನ್ನು ಸುಟ್ಟರು. ಮರುವರ್ಷ ಬಾಸೆಲ್ ನಗರದ ಗ್ರೀಕ್ ಪ್ರಾಧ್ಯಾಪಕ ಸೆಬಾಸ್ಟಿಯನ್ ಕಾಸ್ಟೆಲಿಯೊ, ಮಾರ್ಟಿನಸ್ ಬೆಲಿಯಸ್ ಎಂಬ ಮರೆಹೆಸರಿನಲ್ಲಿ, ಪಾಷಂಡಿಗಳನ್ನು ಹಿಂಸಿಸಬೇಕೆ ಎಂದು ಕೇಳುವ ಗ್ರಂಥವೊಂದನ್ನು ಪ್ರಕಟಿಸಿದ. ಬೈಬಲ್ಲನ್ನು ಲ್ಯಾಟಿನ್ನಿಗೂ ಫ್ರೆಂಚಿಗೂ ಭಾಷಾಂತರಿಸಿದ ಅವನಿಗೆ ಒಂದೊಂದು ವಾಕ್ಯವೂ ಎಷ್ಟು ತೊಡಕಿನದೆಂಬ ಅನುಭವವಿತ್ತು. ಪಾಷಂಡಿಯೆಂದರೆ ಯಾರು ಎಂದು ವಿಚಾರಿಸುತ್ತ ಹೋದಂತೆ ಅವನಿಗೆ ಕಂಡದ್ದು ಇಷ್ಟೆ: ನಮ್ಮೊಡನೆ ಒಮ್ಮತವಿಲ್ಲದವನನ್ನು ನಾವು ಹಾಗೆ ಕರೆಯುತ್ತೇವೆ. ಹೊಲದ ಆಳುಗಳಿಗೆ ಪೈರಿಗೂ ಕಳೆಗೂ ಇರುವ ಭೇದ ತಿಳಿಯದೆಂಬ ಅದೇ ಎಚ್ಚರ ಇಲ್ಲಿ ವಿದ್ವಾಂಸನ ವಿನಯವಾಗಿ ಮರಳಿದೆ. ಕಾಲ್ವಿನ್ನನಿಗೆ ಅವನು ಬರೆದ ಖಂಡನೆ ಅವನ ಜೀವಿತಕಾಲದಲ್ಲಿ ಅಚ್ಚಾಗಲೇ ಇಲ್ಲ, 1612ರವರೆಗೆ ಕಾಯಬೇಕಾಯಿತು.

ಮುಂದಿನ ಶತಮಾನದಲ್ಲಿ, ಮ್ಯಾಸಚೂಸೆಟ್ಸ್ ವಸಾಹತಿನಿಂದ ಬಹಿಷ್ಕೃತನಾಗಿ 1636ರಲ್ಲಿ ಪ್ರಾವಿಡೆನ್ಸ್ ಊರನ್ನು ಕಟ್ಟಿದ ರಾಜರ್ ವಿಲಿಯಮ್ಸ್ ಅದೇ ಕಥೆಯನ್ನು ಇನ್ನೊಂದು ಕಡೆಯಿಂದ ಓದಿದ. 1644ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಗ್ರಂಥ ಸುವಾರ್ತೆಯ ಒಂದು ವಿವರವನ್ನು ಗಟ್ಟಿಯಾಗಿ ಹಿಡಿಯಿತು. ಹೊಲವೆಂದರೆ ಲೋಕ ಎಂದು ಯೇಸುವೇ ಬಿಡಿಸಿ ಹೇಳಿದ್ದಾನಲ್ಲವೆ? ಹಾಗಾದರೆ ಧರ್ಮಸಭೆ ತನ್ನ ತಪ್ಪಿತಸ್ಥ ಸದಸ್ಯನನ್ನು ಹೊರಗಿಡಬಹುದು. ಆದರೆ ಲೋಕದ ಹೊಲದಲ್ಲಿ ಸರಕಾರದ ಕತ್ತಿ ಕಳೆ ಕೀಳಲು ಇಳಿಯಬಾರದು. ವಿಲಿಯಮ್ಸ್ ತನ್ನ ಮತದಲ್ಲಿ ಸಡಿಲನಾಗಿದ್ದವನಲ್ಲ, ಅತ್ಯಂತ ಕಟ್ಟುನಿಟ್ಟಿನವನು. ಇನ್ನೊಬ್ಬನ ನಂಬಿಕೆ ತಪ್ಪೆಂದು ತಿಳಿದೂ ಅವನ ಮೇಲೆ ಕೈ ಮಾಡದಿರುವುದು ಉದಾಸೀನವಲ್ಲ, ಆಜ್ಞಾಪಾಲನೆ ಎಂಬುದೇ ಅವನ ಮಾತಿನ ಬಲ. ಅದೇ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟು ಅವನ ಪುಸ್ತಕವನ್ನು ಸುಡಲು ಆಜ್ಞೆಮಾಡಿತು.

ಔತಣದ ಕಥೆಯನ್ನೇ ನೇರವಾಗಿ ಎದುರಿಸುವ ಕೆಲಸ ಪಿಯರ್ ಬೇಯ್ಲ್ ಎಂಬ ಫ್ರೆಂಚ್ ವಿದ್ವಾಂಸನ ಪಾಲಿಗೆ ಬಂತು. 1685ರ ಅಕ್ಟೋಬರಿನಲ್ಲಿ ಹದಿನಾಲ್ಕನೆಯ ಲೂಯಿ ದೊರೆ ನಾಂಟ್ ಶಾಸನವನ್ನು ರದ್ದುಪಡಿಸಿ ಪ್ರಾಟೆಸ್ಟಂಟರಿಗಿದ್ದ ರಕ್ಷಣೆಯನ್ನು ಕಿತ್ತುಕೊಂಡ. ಸೈನಿಕರನ್ನು ಅವರ ಮನೆಗಳಲ್ಲಿಯೇ ಇಳಿಸಿ ಮತಾಂತರಕ್ಕೆ ಹಿಂಸಿಸುವುದು ಅದಕ್ಕೂ ಮೊದಲೇ ನಡೆದಿತ್ತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಆಗಸ್ಟೀನನ ಆ ಎರಡು ಪತ್ರಗಳು, ದೊರೆಯ ನಡತೆ ಪ್ರಾಚೀನ ಆಫ್ರಿಕದ ಧರ್ಮಸಭೆಯ ನಡತೆಗೆ ಸರಿಯಾಗಿದೆ ಎಂದು ತೋರಿಸುವುದಕ್ಕಾಗಿ, ಮತ್ತೆ ಅಚ್ಚಾದವು. ಸುಮಾರು 1270 ವರ್ಷಗಳ ಹಿಂದಿನ ಎರಡು ಓಲೆಗಳು ಸೈನಿಕರ ಬೂಟುಗಳ ಹಿಂದೆ ನಡೆದವು. ಬೇಯ್ಲ್ ಆಗ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಅಧ್ಯಾಪಕ. ಅವನ ಅಣ್ಣ ಜೇಕಬ್, ಪ್ರಾಟೆಸ್ಟಂಟ್ ಪಾದ್ರಿ, ಅದೇ ನವೆಂಬರಿನಲ್ಲಿ ಬೋರ್ಡೊ ನಗರದ ಸೆರೆಯಲ್ಲಿ ಸತ್ತ. ಮರುವರ್ಷ ಬೇಯ್ಲ್ ತನ್ನ ಹೆಸರನ್ನು ಮರೆಮಾಡಿ, ಆ ಒಂದು ವಚನದ ಮೇಲೆಯೇ ಒಂದು ತಾತ್ವಿಕ ವ್ಯಾಖ್ಯಾನವನ್ನು ಪ್ರಕಟಿಸಿದ.

ಅವನ ಸೂತ್ರ ಸರಳ. ಯಾವ ಅಕ್ಷರಾರ್ಥವು ಪಾಪಕೃತ್ಯವನ್ನು ಕರ್ತವ್ಯವನ್ನಾಗಿ ಮಾಡುತ್ತದೆಯೋ ಆ ಅರ್ಥ ಸುಳ್ಳು. ಧರ್ಮವೆಂದರೆ ಮನಸ್ಸಿನ ಒಪ್ಪಿಗೆ. ಬಲಾತ್ಕಾರ ತರಬಲ್ಲದ್ದು ತಲೆಬಾಗುವಿಕೆಯನ್ನು ಮಾತ್ರ. ಅವನು ಒಂದು ಊಹೆಯನ್ನು ಮುಂದಿಡುತ್ತಾನೆ. ಚೀನದ ಚಕ್ರವರ್ತಿ ಕ್ರೈಸ್ತ ಪ್ರಚಾರಕರನ್ನು ಕರೆದು, ನಿಮ್ಮ ಮಾತನ್ನು ಕೇಳದ ನನ್ನ ಪ್ರಜೆಗಳನ್ನು ನೀವೇನು ಮಾಡುವಿರಿ ಎಂದು ಕೇಳಿದನೆನ್ನೋಣ. ಬಲವಂತಮಾಡುವ ಆಜ್ಞೆ ನಮಗಿದೆ ಎಂದು ಅವರು ಸತ್ಯ ನುಡಿದರೆ, ಅವರನ್ನು ಗಡಿಯಾಚೆ ಅಟ್ಟುವುದು ಆ ದೊರೆಗೆ ನ್ಯಾಯವೇ ಆಗುವುದಿಲ್ಲವೆ? 1687ರಲ್ಲಿ ಬಂದ ಮೂರನೆಯ ಭಾಗದಲ್ಲಿ ಅವನು ಆಗಸ್ಟೀನನ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಹೇಳಿದ.

ಈ ಸೂತ್ರಕ್ಕೆ ಆಕ್ಷೇಪವಿಲ್ಲವೆಂದಲ್ಲ. ಸ್ವಪಕ್ಷದ ಪಿಯರ್ ಜುರಿಯು ಎಂಬ ಪಾದ್ರಿಯೇ ಅವನನ್ನು ಉಗ್ರವಾಗಿ ವಿರೋಧಿಸಿದ. ತಪ್ಪಿದ ಮನಸ್ಸಾಕ್ಷಿಗೂ ಹಕ್ಕುಂಟೆಂದರೆ, ಹಿಂಸಿಸುವುದೇ ತನ್ನ ಧರ್ಮವೆಂದು ಪ್ರಾಮಾಣಿಕವಾಗಿ ನಂಬಿದವನನ್ನು ಯಾವ ಬಾಯಿಂದ ತಡೆಯುವುದು? ಬೇಯ್ಲ್ ಈ ತೊಡಕನ್ನು ಬಚ್ಚಿಡಲಿಲ್ಲ; ಅದು ಇಂದಿಗೂ ಪೂರ್ತಿ ಬಿಡಿಸಿಲ್ಲ. ಆದರೆ ವಚನದಿಂದ ನೀತಿಗೆ ಹೋಗುವ ದಾರಿಯಲ್ಲಿ ನೀತಿಯಿಂದ ವಚನಕ್ಕೆ ಬರುವ ಕಾಲುಹಾದಿಯೂ ಒಂದಿರಬೇಕೆಂದು ಅವನು ತೋರಿಸಿಕೊಟ್ಟ.

ಕ್ಯಾಥೊಲಿಕ್ ಧರ್ಮಸಭೆ ಈ ಪ್ರಶ್ನೆಯ ಮೇಲೆ ಅಧಿಕೃತವಾಗಿ ಮಾತನಾಡಿದ್ದು 1965ರ ಡಿಸೆಂಬರ್ 7ರಂದು. ಎರಡನೆಯ ವ್ಯಾಟಿಕನ್ ಮಹಾಸಭೆ ಅಂದು ಧರ್ಮಸ್ವಾತಂತ್ರ್ಯದ ಘೋಷಣೆಯನ್ನು ಹೊರಡಿಸಿತು. ಧರ್ಮದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಕೂಡದೆಂಬ ಆ ಘೋಷಣೆ ಕ್ರಿಸ್ತನ ನಡತೆಯನ್ನು ಸಾಕ್ಷಿಗೆ ಕರೆಯುವಾಗ ನೆನೆದದ್ದು ಹೊಲದ ಕಳೆಯ ಕಥೆಯನ್ನು. ಗೋಧಿಗೂ ಕಳೆಗೂ ಕೊಯ್ಲಿನವರೆಗೆ ಒಟ್ಟಿಗೆ ಬೆಳೆಯಲು ಕೊಟ್ಟ ಆ ಅಪ್ಪಣೆ, ದೀರ್ಘಕಾಲದ ಪ್ರವಾಸದ ಬಳಿಕ ಮನೆಗೆ ಮರಳಿತೆನ್ನಬಹುದು.

ಈ ಇತಿಹಾಸದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಥೆಗಳು ಬದಲಾಗಲಿಲ್ಲ, ಕಥೆಯಲ್ಲಿ ನಾವು ಯಾರು ಎಂಬ ಊಹೆ ಬದಲಾಯಿತು. ಅಧಿಕಾರವಿಲ್ಲದಿದ್ದಾಗ ತಾವು ಗೋಧಿಯ ಪೈರೆಂದು ತಿಳಿದವರು, ಅಧಿಕಾರ ಬಂದಾಗ ತಾವೇ ಯಜಮಾನನೆಂದು ತಿಳಿದರು. ಎರಡು ಕಥೆಗಳಲ್ಲಿಯೂ ಓದುಗನಿಗೆ ಮೀಸಲಾದ ಸ್ಥಾನ ಸೇವಕನದು. ಒಂದರಲ್ಲಿ ಕೊಯ್ಲಿನ ಕುಡುಗೋಲನ್ನು ಅವನಿಗೆ ಕೊಟ್ಟಿಲ್ಲ. ಇನ್ನೊಂದರಲ್ಲಿ ಅವನು ಬೀದಿಗೆ ಹೊರಟದ್ದು, ಮನೆಯಲ್ಲಿ ಇನ್ನೂ ಸ್ಥಳವಿದೆ ಎಂಬ ಸಂತೋಷದ ಸುದ್ದಿಯನ್ನು ಹೊತ್ತು. ಅಂಥ ಸುದ್ದಿಯನ್ನು ಮುಟ್ಟಿಸಲು ದಂಡಿನ ನೆರವು ಬೇಕಾದಾಗ, ಔತಣದಲ್ಲಿ ಏನನ್ನು ಬಡಿಸಲಾಗುತ್ತಿದೆ ಎಂದು ಹಾದಿಯವರು ಕೇಳಿದರೆ ತಪ್ಪೇನು?