ಮೀಟರನ್ನೇ ಪರೀಕ್ಷಿಸೋ ಪೆಟ್ಟಿಗೆ

ನಮ್ಮೂರ ಸಂತೆಯಲ್ಲಿ ಅಜ್ಜಿ ತಕ್ಕಡಿ ನೋಡೋಕ್ಕಿಂತ ಮುಂಚೆ ತೂಕದ ಕಲ್ಲನ್ನು ತಿರುಗಿಸಿ ನೋಡೋರು, ತಳದಲ್ಲಿ ಸರ್ಕಾರದ ಮುದ್ರೆ ಇದ್ಯಾ ಅಂತ. ಹಳೇ ಯುದ್ಧವಿಮಾನಗಳ ಮೀಟರುಗಳ ಬಗ್ಗೆ ಓದುವಾಗೆಲ್ಲ ನನಗೆ ಆ ಮುದ್ರೆ ನೆನಪಾಗುತ್ತೆ. ಆಲ್ಟಿಮೀಟರ್ ಸಂಗ್ರಹಿಸೋರು ಬೇಕಾದಷ್ಟು ಜನ. ಅದು ನಿಜ ಹೇಳ್ತಿದೆಯಾ ಅಂತ ನೋಡೋ ಪರೀಕ್ಷಾ ಪೆಟ್ಟಿಗೆಯನ್ನು ಕೇಳೋರು ಕಡಿಮೆ.

1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್‌ಗೆ ಮುಸುಕು ಹಾಕಿಸಿಕೊಂಡು, ಹೊರಗೇನೂ ಕಾಣದೆ, ಬರೀ ಮೀಟರುಗಳನ್ನು ನಂಬಿ ವಿಮಾನ ಏರಿಸಿ ಇಳಿಸಿದ. ಎತ್ತರ ತೋರಿಸಿದ್ದು ಪಾಲ್ ಕೋಲ್ಸ್‌ಮನ್ ರೂಪಿಸಿದ ಆಲ್ಟಿಮೀಟರ್. ನಿಜ ಹೇಳಬೇಕಂದ್ರೆ ಅದು ಅಳೆಯೋದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಸಮುದ್ರಮಟ್ಟದ ಹತ್ತಿರ ಪಾದರಸ 0.1 ಇಂಚು ಇಳಿದರೆ ಸುಮಾರು 100 ಅಡಿ ಮೇಲೇರಿದ ಲೆಕ್ಕ. ಮಂಜಿನಲ್ಲಿ ಇಳಿಯೋನಿಗೆ ಆ 100 ಅಡಿಯಲ್ಲೇ ಪ್ರಾಣ.

ಹಾಗಾಗಿ ಮೀಟರನ್ನು ಬಿಚ್ಚಿ ಬೆಂಚಿಗೆ ತರ್ತಿದ್ರು. ಗಾಳಿಯಾಡದ ಪಾತ್ರೆಯಲ್ಲಿಟ್ಟು, ಪಂಪಿನಿಂದ ಗಾಳಿ ಎಳೆದು, ಪಾದರಸದ ಕಂಬದ ಜೊತೆ ಹೋಲಿಸ್ತಿದ್ರು. ಏರುವಾಗ ಒಂದು ಸಲ, ಇಳಿಯುವಾಗ ಇನ್ನೊಂದು ಸಲ, ಯಾಕಂದ್ರೆ ಲೋಹದ ಡಬ್ಬಿ ಹಿಂದಿನ ಒತ್ತಡವನ್ನು ಸ್ವಲ್ಪ ನೆನಪಿಟ್ಟುಕೊಳ್ಳುತ್ತೆ. ಮುಳ್ಳು ಅಂಟಿಕೊಳ್ಳದಿರಲಿ ಅಂತ ಮೀಟರನ್ನು ಸಣ್ಣಗೆ ನಡುಗಿಸಬೇಕು. ಪಿಸ್ಟನ್ ಎಂಜಿನ್ ವಿಮಾನದಲ್ಲಿ ಆ ನಡುಕ ಪುಕ್ಕಟೆ. ಜೆಟ್ ಬಂದ ಮೇಲೆ ಅದಕ್ಕಂತಲೇ ವೈಬ್ರೇಟರ್ ಕೂರಿಸಬೇಕಾಯ್ತು! ನಾವು ಕೋಡ್‌ಗೆ ಟೆಸ್ಟ್ ಬರೀತೀವಿ, ಆ ಟೆಸ್ಟ್ ಸರಿ ಇದ್ಯಾ ಅಂತ ಎಷ್ಟು ಜನ ನೋಡ್ತೀವಿ?

ಇದೆಲ್ಲ ದೂರದ ಕಥೆ ಅಲ್ಲ. ಬೆಂಗಳೂರಿನ ಎಚ್‌ಎಎಲ್ 1943ರಿಂದ ಅಮೆರಿಕದ ಯುದ್ಧವಿಮಾನಗಳ ಓವರ್‌ಹಾಲ್ ಕೇಂದ್ರವಾಗಿತ್ತು. ಓವರ್‌ಹಾಲ್ ಅಂದ್ರೆ ಎಂಜಿನ್ ಒಂದೇ ಅಲ್ಲ.

ಇಂಥ ಪೆಟ್ಟಿಗೆ ಕೈಗೆ ಸಿಕ್ಕರೆ ಮೊದಲ ಆಸೆ ಪ್ಲಗ್ ಹಾಕೋದು. ಹಾಕಬಾರದು. ಎಷ್ಟೋ ಮಿಲಿಟರಿ ಉಪಕರಣಗಳು ವಿಮಾನದ 400 ಹರ್ಟ್ಜ್ ಕರೆಂಟಿಗೆ ಮಾಡಿದವು; ಟ್ರಾನ್ಸ್‌ಫಾರ್ಮರ್ ಸಣ್ಣದಾಗಿ, ಹಗುರವಾಗಿ ಇರಲಿ ಅಂತ. ನಮ್ಮ ಮನೆಯ 50 ಹರ್ಟ್ಜ್‌ಗೆ ಕೊಟ್ಟರೆ ಕಾದು ಸುಟ್ಟೇ ಹೋಗುತ್ತೆ. ಒಣಗಿದ ಕೆಪಾಸಿಟರ್, ಬಿರುಕುಬಿಟ್ಟ ರಬ್ಬರ್ ಟ್ಯೂಬ್ ಬದಲಿಸಬಹುದು. ಡಯಲ್ ವಿಷಯ ಬೇರೆ. ಕತ್ತಲಲ್ಲಿ ಹೊಳೆಯೋಕೆ ಹಚ್ಚಿದ ರೇಡಿಯಂ ಬಣ್ಣ ಈಗ ಹೊಳೆಯಲ್ಲ, ಹಾಗಂತ ಸತ್ತಿಲ್ಲ. ಮಂಕಾಗಿರೋದು ಜೊತೆಗೆ ಬೆರೆಸಿದ ಸತು ಸಲ್ಫೈಡ್. ರೇಡಿಯಂ ಅರ್ಧಕ್ಕಿಳಿಯೋಕೆ 1600 ವರ್ಷ ಬೇಕು. ಕೆರೆದರೆ ಪುಡಿ ಶ್ವಾಸಕೋಶಕ್ಕೆ.

ಅದಕ್ಕಿಂತ ನನಗೆ ಹೊಟ್ಟೆ ಉರಿಯೋದು ಫಳಫಳ ಬಣ್ಣ ಹೊಡೆಯೋ ಉತ್ಸಾಹಕ್ಕೆ. ಕೆಲವು ಉಪಕರಣಗಳ ಮೇಲೆ ಒಂದು ತಿದ್ದುಪಡಿ ಚೀಟಿ ಇರುತ್ತೆ: ಇಷ್ಟು ಅಡಿಗೆ ಇಷ್ಟು ತಪ್ಪು ತೋರಿಸ್ತೀನಿ ಅಂತ ಉಪಕರಣವೇ ಒಪ್ಪಿಕೊಂಡ ಲೆಕ್ಕ, ಪರೀಕ್ಷಿಸಿದವರ ಕೈಬರಹದಲ್ಲಿ. ಮೊದಲು ಕಸಕ್ಕೆ ಹೋಗೋದು ಅದೇ. ನಾನಾದ್ರೆ ತುಕ್ಕನ್ನು ಹಾಗೇ ಬಿಟ್ಟು ಚೀಟಿ ಉಳಿಸ್ಕೋತೀನಿ.